ದೂರದ ಅಂದಾಜು: 4000 ಯಾಕೆ 1000ದ ಗುಂಪಿಗೆ ಸೇರಲ್ಲ

ಮ್ಯಾಪ್ ನೋಡದೆ ಊರೂರ ನಡುವಿನ ದೂರ ಅಂದಾಜು ಮಾಡೋ ಲೆಕ್ಕಗಳು ಎರಡು ದಿನದಿಂದ ತಲೆ ತಿಂತಿದ್ವು, ಈಗ ತಾನೇ ಹೊಳೀತು, ಮರೆಯೋಕೆ ಮುಂಚೆ ಬರೆದಿಡ್ತಿದೀನಿ.

ಒಂದು ನಂಬರ್ ಬಾಯಿಪಾಠ ಆಗ್ಬೇಕು: ಧ್ರುವದಿಂದ ಸಮಭಾಜಕ ವೃತ್ತಕ್ಕೆ 10,000 ಕಿ.ಮೀ. ಇಷ್ಟು ರೌಂಡ್ ಆಗಿ ಸುಮ್ಮನೆ ಬಂದಿಲ್ಲ, 1791ರಲ್ಲಿ ಫ್ರಾನ್ಸಿನವರು ಈ ದೂರದ ಕೋಟಿಯಲ್ಲಿ ಒಂದು ಭಾಗವನ್ನೇ ಮೀಟರ್ ಅಂತ ಇಟ್ಕೊಂಡಿದ್ದು. ಸುತ್ತಳತೆ 40,000, ಒಂದು ಡಿಗ್ರಿಗೆ 111 ಕಿ.ಮೀ. ಯಾವ ಎರಡು ಜಾಗದ ನೇರ ದೂರವೂ ಸುಮಾರು 20,000 ದಾಟಲ್ಲ, ದಾಟಿದ್ರೆ ಲೆಕ್ಕ ತಪ್ಪಿದೆ ಅಂತ.

ಈಗ ನಾನು ಮುಗ್ಗರಿಸಿದ ಜಾಗ. ಆರ್ಡರ್ ಆಫ್ ಮ್ಯಾಗ್ನಿಟ್ಯೂಡ್ ಅಂದ್ರೆ ಹತ್ತರ ಯಾವ ಘಾತಕ್ಕೆ (100, 1000, 10,000 ಹೀಗೆ) ಹತ್ರ ಅನ್ನೋದು ಅಷ್ಟೇ. ಹಾಗಾದ್ರೆ 4000 ಕಿ.ಮೀ. ಯಾವುದಕ್ಕೆ ಹತ್ರ? 1000ಕ್ಕೆ ಅಂತ ಕಣ್ಮುಚ್ಚಿ ಬರೆದೆ, 3000 ದೂರ ಎಲ್ಲಿ, 6000 ದೂರ ಎಲ್ಲಿ! ಉತ್ತರ 10,000 ಅಂತಿತ್ತು, ಪ್ರಿಂಟ್ ಮಿಸ್ಟೇಕ್ ಅಂದ್ಕೊಂಡೆ. ಆದ್ರೆ ಇಲ್ಲಿ ಕಳೆಯೋ ಹಾಗಿಲ್ಲ, ಎಷ್ಟು ಪಟ್ಟು ಅಂತ ಕೇಳ್ಬೇಕು. 1000ದಿಂದ 4000ಕ್ಕೆ 4 ಪಟ್ಟು, 4000ದಿಂದ 10,000ಕ್ಕೆ ಬರೀ 2.5 ಪಟ್ಟು. ಪಟ್ಟಿನ ಲೆಕ್ಕದಲ್ಲಿ 10,000ವೇ ಹತ್ರ. ಗಡಿ ಎಲ್ಲಿ ಅಂದ್ರೆ 10ರ ವರ್ಗಮೂಲ 3.16, ಅಂದ್ರೆ 3160. ಲಂಡನ್-ನ್ಯೂಯಾರ್ಕ್ ಸುಮಾರು 5570, ಅದೂ ಹತ್ತು ಸಾವಿರದ ಗುಂಪೇ.

ಇದು ಗೊತ್ತಾದ್ಮೇಲೆ ನನ್ನ ಫೇವರಿಟ್ ಟ್ರಿಕ್ ತಾನಾಗೇ ಅರ್ಥ ಆಯ್ತು. ಪ್ಯಾರಿಸ್‌ನಿಂದ ರೋಮ್ ಎಷ್ಟು ದೂರ ಗೊತ್ತಿಲ್ಲ ಅನ್ಕೊಳ್ಳಿ, ಆದ್ರೆ 100ಕ್ಕಿಂತ ಜಾಸ್ತಿ, 10,000ಕ್ಕಿಂತ ಕಡಿಮೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಕೂಡಿಸಿ ಎರಡರಿಂದ ಭಾಗಿಸಿದ್ರೆ 5050, ಇಲ್ಲಿ 100 ಇದ್ರೂ ಒಂದೇ ಇಲ್ದಿದ್ರೂ ಒಂದೇ, ದೊಡ್ಡ ನಂಬರ್ ಅದನ್ನ ನುಂಗಿಬಿಡುತ್ತೆ. ಗುಣಿಸಿ ವರ್ಗಮೂಲ ತಗೊಳ್ಳಿ, 1000 ಬರುತ್ತೆ. ನಿಜವಾದ ನೇರ ದೂರ ಸುಮಾರು 1100!

ರೇಖಾಂಶದ್ದು ಬೇಗ ಹೇಳ್ಬಿಡ್ತೀನಿ. ಪೂರ್ವ-ಪಶ್ಚಿಮಕ್ಕೆ ಒಂದು ಡಿಗ್ರಿಗೆ 111 ಕಿ.ಮೀ. ಅನ್ನೋದು ಸಮಭಾಜಕದ ಮೇಲೆ ಮಾತ್ರ, ಮೇಲಕ್ಕೆ ಹೋದಂಗೆ ಅಕ್ಷಾಂಶದ ಕೊಸೈನ್, ಅಂದ್ರೆ ತ್ರಿಕೋನಮಿತಿಯ ಕಾಸ್‌ನಿಂದ ಗುಣಿಸ್ಬೇಕು. ಓಸ್ಲೋ, ಸೇಂಟ್ ಪೀಟರ್ಸ್‌ಬರ್ಗ್ ಎರಡೂ 60 ಡಿಗ್ರಿ ಹತ್ರ, ನಡುವೆ ಸುಮಾರು 20 ಡಿಗ್ರಿ ರೇಖಾಂಶ, ಕಾಸ್ 60 ಅರ್ಧ, ಹಾಗಾಗಿ 1110. ನಾನು ಅರ್ಧ ಮಾಡೋದು ಮರೆತು 2220 ಬರೆದಿದ್ದೆ. 3160ಕ್ಕಿಂತ ಕಡಿಮೆ ಅಲ್ವಾ, ಗುಂಪು ಅದೇ ಸಾವಿರ, ಫುಲ್ ಮಾರ್ಕ್ಸ್ ಬಂತು.