ಉಪ್ಪು ನೆಲದಲ್ಲಿ ಸಸ್ಯಕೋಶ: ಪ್ರೋಟಾನಿನ ಬಾಣ ಯಾವ ಕಡೆಗೆ?

ಕೋಸಂಬರಿಗೆ ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಉಪ್ಪು ನೆಲದಲ್ಲಿ ಬೇರಿಗೆ ಬೀಳುವ ಮೊದಲ ಪೆಟ್ಟೂ ಅದೇ ಜಾತಿಯದು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುವ ಈ ಅಭಿಸರಣೆ ಎಲ್ಲರಿಗೂ ಗೊತ್ತು, ಬಿಡುತ್ತೇನೆ. ಎರಡನೆಯ ಪೆಟ್ಟು ಸೋಡಿಯಂನದು. ಪೊಟ್ಯಾಸಿಯಂ ಇಲ್ಲದೆ ನಡೆಯದ ಕಿಣ್ವಗಳಲ್ಲಿ ಅದು ಪೊಟ್ಯಾಸಿಯಂನ ಜಾಗ ಹಿಡಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಕೋಶದ ಒಳಭಾಗ ಋಣಾವೇಶದ್ದು, ಹೊರಗೆ ಸೋಡಿಯಂ ಹೆಚ್ಚು. ಆದ್ದರಿಂದ ಅದು ತಾನಾಗಿಯೇ ನುಗ್ಗುತ್ತದೆ. ಹೊರಹಾಕುವುದಕ್ಕೇ ಶಕ್ತಿ ಬೇಕು.

ನಾನು ಎಡವಿದ್ದು ಇಲ್ಲಿ. ಕೋಶಪೊರೆಯಲ್ಲಿರುವ ಎಸ್‌ಒಎಸ್1 ಎಂಬ ಪ್ರೋಟೀನು ಸೋಡಿಯಂ ಅನ್ನು ಹೊರದಬ್ಬುತ್ತದೆ ಎಂದು ಓದಿ, ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿ ಒಡೆಯುವುದೂ ಅದೇ ಎಂದುಕೊಂಡಿದ್ದೆ. ಅಲ್ಲ. ಎಟಿಪಿ ಖರ್ಚು ಮಾಡುವುದು ಅದೇ ಪೊರೆಯ ಪ್ರೋಟಾನ್ (ಹೈಡ್ರೋಜನ್ ಅಯಾನು) ಪಂಪು. ಮೋಟಾರು ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವಾಗಲೇ ಕರೆಂಟು ಖರ್ಚಾಗಿರುತ್ತದೆ. ನಲ್ಲಿ ತಿರುಗಿಸಲು ಕರೆಂಟು ಬೇಡ. ಪಂಪು ಪ್ರೋಟಾನುಗಳನ್ನು ಹೊರಗೆ ಗುಡ್ಡೆ ಹಾಕುತ್ತದೆ. ಅವು ಎಸ್‌ಒಎಸ್1 ಮೂಲಕ ಮರಳಿ ಒಳಗಿಳಿಯುವಾಗ ಸೋಡಿಯಂ ಹೊರಹೋಗುತ್ತದೆ. ಕೋಶದ್ರವ್ಯದ ಪಿಎಚ್ (ಇದು ಕಡಿಮೆಯಾದಷ್ಟೂ ಪ್ರೋಟಾನ್ ಹೆಚ್ಚು) ಸುಮಾರು 7.5, ಹೊರಗೆ ಸುಮಾರು 5.5. ಎರಡೇ ಅಂಕ ಎಂದು ಅಸಡ್ಡೆ ಬೇಡ, ಪ್ರೋಟಾನುಗಳ ಲೆಕ್ಕದಲ್ಲಿ ಅದು 100 ಪಟ್ಟು.

ರಸದಾನಿಯ (ಕೋಶದೊಳಗಿನ ದೊಡ್ಡ ಚೀಲದ) ಪೊರೆಯಲ್ಲಿರುವ, ಇದೇ ಬಗೆಯ ವಿನಿಮಯ ಮಾಡುವ ಎನ್‌ಎಚ್‌ಎಕ್ಸ್1 ಪ್ರೋಟೀನು ಬಂದಾಗ ನನ್ನ ಚಿತ್ರದಲ್ಲಿ ಪ್ರೋಟಾನಿನ ಬಾಣ ಮತ್ತೆ ತಿರುಗುಮುರುಗಾಯಿತು. ಮೂರು ಸಲ ಅಳಿಸಿ ಹಾಳೆಯೇ ಹರಿಯಿತು. ತಪ್ಪು ‘ಒಳಗೆ’, ‘ಹೊರಗೆ’ ಎಂಬ ಪದಗಳದ್ದು: ಅಲ್ಲಿ ಸೋಡಿಯಂ ಹೊರಗೆ, ಇಲ್ಲಿ ರಸದಾನಿಯ ಒಳಗೆ. ಈಗ ಕೋಶದ್ರವ್ಯದಲ್ಲಿ ಒಂದು ಚುಕ್ಕೆ ಇಟ್ಟು ಅದೇ ನಾನು ಎಂದುಕೊಳ್ಳುತ್ತೇನೆ. ಎರಡೂ ಪೊರೆಗಳಲ್ಲಿ ಪಂಪು ಪ್ರೋಟಾನನ್ನು ನನ್ನಿಂದ ದೂರ ತಳ್ಳುತ್ತದೆ. ವಿನಿಮಯದ ಬಾಗಿಲಲ್ಲಿ ಪ್ರೋಟಾನ್ ನನ್ನ ಕಡೆಗೆ ಬರುತ್ತದೆ, ಸೋಡಿಯಂ ನನ್ನನ್ನು ಬಿಟ್ಟು ಹೋಗುತ್ತದೆ. ಇಷ್ಟೇ.

ಎಸ್‌ಒಎಸ್1, 2, 3 ಎಂಬ ಪ್ರೋಟೀನುಗಳ ಸರಣಿಯನ್ನು ಹಿಂದಿನಿಂದ ಎಣಿಸಿ. ಉಪ್ಪು ತಾಗಿದಾಗ ಏರುವ ಕ್ಯಾಲ್ಸಿಯಂ ಅನ್ನು 3 ಗುರುತಿಸುತ್ತದೆ, 2 ಅನ್ನು ಎಬ್ಬಿಸುತ್ತದೆ, 2 ಹೋಗಿ 1ಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಪ್ರಯೋಗಗಳಿಗೆ ಬಳಸುವ ಅರಾಬಿಡಾಪ್ಸಿಸ್ ಗಿಡದಲ್ಲಿ ಉಪ್ಪಿಗೆ ಅತಿಯಾಗಿ ನಲುಗುವ ರೂಪಾಂತರಿಗಳಿಗೆ ಕೊಟ್ಟ ಸಂಖ್ಯೆಗಳಿವು, ಕೆಲಸದ ಕ್ರಮವಲ್ಲ.

ಎಚ್‌ಕೆಟಿ ಗುಂಪಿನ ಕೆಲವು ಪ್ರೋಟೀನುಗಳು ಬೇರಿನಿಂದ ನೀರು ಮೇಲೇರುವ ಕ್ಸೈಲಂನಿಂದ ಸೋಡಿಯಂ ಅನ್ನು ಹಿಂದಕ್ಕೆಳೆದು ಎಲೆಯನ್ನು ಕಾಯುತ್ತವೆ. ಉಪ್ಪು ತಾಳುವ ನೋನಾ ಬೊಕ್ರಾ ಭತ್ತದಲ್ಲಿ ಇಂಥ ವಂಶವಾಹಿಯೊಂದು 2005ರಲ್ಲಿ ವರದಿಯಾಯಿತು. (ನಮ್ಮ ಅಘನಾಶಿನಿ ದಡದ ಗಜನಿ ಗದ್ದೆಗಳ ಕಗ್ಗ ಭತ್ತವೂ ಉಪ್ಪುನೀರಿಗೆ ಜಗ್ಗುವುದಿಲ್ಲ.)

ಪರೀಕ್ಷೆಯಲ್ಲಿ ಬಿಟ್ಟುಹೋಗುವ ಒಂದು ಅಂಕ: ರಸದಾನಿಯಲ್ಲಿ ಉಪ್ಪು ತುಂಬಿದರೆ ಅದು ಕೋಶದ್ರವ್ಯದ ನೀರನ್ನೇ ಎಳೆದೀತು. ಅದನ್ನು ಸರಿದೂಗಿಸಲು ಕೋಶದ್ರವ್ಯದಲ್ಲಿ ಪ್ರೋಲಿನ್, ಗ್ಲೈಸಿನ್ ಬೀಟೇನ್‌ನಂಥ ನಿರುಪದ್ರವಿ ವಸ್ತುಗಳು ಕೂಡಿಕೊಳ್ಳುತ್ತವೆ.