ಗುದ್ದಲಿಪೂಜೆ ಆದ ಮೇಲೆ ಕೇಳುವ ಅಭಿಪ್ರಾಯ

ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಒಂದು ಹಳೆಯ ಮಂಟಪದ ಪಕ್ಕ ರಸ್ತೆ ಅಗಲವಾಗುತ್ತದೆ ಎಂದಿಟ್ಟುಕೊಳ್ಳಿ. ಮಂಟಪ ಕೇಂದ್ರದ ರಕ್ಷಣೆಯಲ್ಲಿದ್ದರೆ 1958ರ ಸ್ಮಾರಕ ಕಾಯ್ದೆ, ರಾಜ್ಯದ ರಕ್ಷಣೆಯಲ್ಲಿದ್ದರೆ ರಾಜ್ಯದ 1961ರ ಸ್ಮಾರಕ ಕಾಯ್ದೆ ಅನ್ವಯಿಸುತ್ತದೆ. ಊರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿರುವುದರಿಂದ 2002ರ ಇನ್ನೊಂದು ಕಾಯ್ದೆಯೂ ಇದೆ. ರಸ್ತೆಗೆ ಹೊಲ ಹೋದರೆ 2013ರ ಭೂಸ್ವಾಧೀನ ಕಾಯ್ದೆ. ಊರವರು ಎಲ್ಲಿ, ಯಾವಾಗ ಮಾತಾಡಬಹುದು ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ. ಮಂಟಪವೊಂದೇ ಆದರೂ ಅದರ ಪರವಾಗಿ ಅರ್ಜಿ ಹಿಡಿದು ಹೋಗುವವರು ನಾಲ್ಕು ಬಾಗಿಲು ತಟ್ಟಬೇಕು.

ಈ ಗೋಜಲಿನ ಬೇರು 1904ರಲ್ಲಿದೆ. ಆ ವರ್ಷದ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಟ್ಟಡವೊಂದನ್ನು ರಕ್ಷಿತ ಎಂದು ಸಾರುವಾಗ ಸ್ಮಾರಕದ ಬಳಿ ಅಧಿಸೂಚನೆ ಅಂಟಿಸಿ, ಒಂದು ತಿಂಗಳೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕಿತ್ತು. 1958ರ ಕಾಯ್ದೆ ಆ ಅವಧಿಯನ್ನು ಎರಡು ತಿಂಗಳು ಮಾಡಿತು. ಈ ಅವಕಾಶ ಇದ್ದದ್ದು ಹಕ್ಕುದಾರರಿಗೆ: ನಮ್ಮ ಗುಡಿ, ನಮ್ಮ ಹೊಲ, ಇದನ್ನು ಏಕೆ ಹಿಡಿತಕ್ಕೆ ತಗೊಳ್ಳುತ್ತೀರಿ ಎಂದು ಕೇಳುವುದಕ್ಕೆ. ಸರ್ಕಾರವೇ ಸ್ಮಾರಕದ ಮಗ್ಗುಲಲ್ಲಿ ಕಾಮಗಾರಿ ಕೈಗೊಂಡರೆ ಜನರ ಅಭಿಪ್ರಾಯ ಏನು ಎಂದು ಕೇಳುವ ಕಲಂ ಎರಡರಲ್ಲೂ ಇರಲಿಲ್ಲ. ಆಗ ತುಂಗಭದ್ರಾ ನದಿಯ ದಕ್ಷಿಣ ದಡ, ಅಂದರೆ ಹಂಪಿಯ ಕಡೆ, ಮದ್ರಾಸ್ ಪ್ರಾಂತದ್ದು; ಆನೆಗೊಂದಿಯ ಉತ್ತರ ದಡ ನಿಜಾಮರದ್ದು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು, 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 1992ರ ಜೂನ್‌ನಲ್ಲಿ ಕೇಂದ್ರದ ಸ್ಮಾರಕಗಳ ಸುತ್ತ ನಿರ್ಮಾಣಕ್ಕೆ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ಗೆರೆ ಬಿತ್ತು. ಇಷ್ಟಾದರೂ ಕೇಳುವ ಕಲಂ ಬರಲಿಲ್ಲ.

ಅದರ ಬೆಲೆ ಏನೆಂದು ತೋರಿಸಿದ್ದು ಆನೆಗೊಂದಿ–ತಳವಾರಘಟ್ಟ ಸೇತುವೆ. ಆನೆಗೊಂದಿ ದಡದವರು ಹೊಸಪೇಟೆಯ ಆಸ್ಪತ್ರೆಗೆ, ಕಾಲೇಜಿಗೆ ಹೋಗಬೇಕೆಂದರೆ ಹರಿಗೋಲು ಹತ್ತಬೇಕಿತ್ತು, ಇಲ್ಲವೇ ದೂರದ ರಸ್ತೆ ಸುತ್ತಬೇಕಿತ್ತು. ಮಳೆಗಾಲದಲ್ಲಿ ಜಲಾಶಯದ ಗೇಟು ತೆರೆದರೆ ಹರಿಗೋಲೂ ನಿಲ್ಲುತ್ತಿತ್ತು. ಸೇತುವೆ ಬೇಕೇ ಎಂದು ಕೇಳಿದ್ದರೆ ಬೇಡ ಎನ್ನುವವರು ಊರಲ್ಲಿ ಸಿಗುತ್ತಿರಲಿಲ್ಲ. ಕೇಳಬೇಕಿದ್ದದ್ದು ಬೇರೆ: ಎಲ್ಲಿ ಬೇಕು, ಅದರ ಮೇಲೆ ಏನೇನು ಓಡಬೇಕು. ಆರಿಸಿದ ಜಾಗದಲ್ಲಿ ಸೇತುವೆ ಇಳಿದರೆ ದಕ್ಷಿಣದಲ್ಲಿ ಸಿಗುವುದು ವಿಜಯನಗರ ಕಾಲದ ಹೆಬ್ಬಾಗಿಲಿನೊಳಗೆ ಹಾದು ಕಮಲಾಪುರದತ್ತ ಹೋಗುವ ರಸ್ತೆ. ಕಂಬ, ಕೇಬಲ್ಲುಗಳು ಕಣ್ಣಿಗೆ ಕಾಣುವ ಹಾನಿಯಾದರೆ, ಭತ್ತದ ಲೋಡು ಹೊತ್ತ ಲಾರಿಗಳು ಆ ಬಾಗಿಲಿನ ಕಲ್ಲುಗಳ ನಡುವೆ ದಿನವೂ ಹಾಯುವುದು ಅದಕ್ಕಿಂತ ದೊಡ್ಡ ಹಾನಿ. ಸೇತುವೆಯ ನಕ್ಷೆಯಲ್ಲಿ ರಸ್ತೆಯ ಈ ಭಾಗ ಬರುವುದಿಲ್ಲ, ಅದಕ್ಕೇ ಅದರ ಪರಿಣಾಮ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

1999ರಲ್ಲಿ ಈ ಸೇತುವೆ ಮತ್ತು ನದಿಯಲ್ಲಿರುವ ನಡುಗಡ್ಡೆ ವಿರೂಪಾಪುರ ಗಡ್ಡಿಗೆ ಹಾಕುತ್ತಿದ್ದ ಕಾಲುಸೇತುವೆಯ ಕಾರಣಕ್ಕೆ ಹಂಪಿ 'ಅಪಾಯದಲ್ಲಿರುವ ವಿಶ್ವ ಪರಂಪರೆ' ಪಟ್ಟಿಗೆ ಹೋಯಿತು. ಕಾಲುಸೇತುವೆ ಬಿಚ್ಚಿದರು. ದೊಡ್ಡ ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತು. ಈ ಅವಧಿಯಲ್ಲೇ ಪ್ರಾಧಿಕಾರದ ಕಾಯ್ದೆ ಬಂತು, 29 ಹಳ್ಳಿಗಳ ಸುಮಾರು 236 ಚದರ ಕಿಲೋಮೀಟರ್ ಪ್ರದೇಶ ಒಂದೇ ಯೋಜನಾ ವ್ಯಾಪ್ತಿಗೆ ಸೇರಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು, ಕಾಮಗಾರಿ ಮತ್ತೆ ಶುರುವಾಯಿತು. 2009ರ ಜನವರಿ 22ರಂದು ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇಂದು ವಾಹನಗಳು ದಾಟುವುದು ಕೆಳಹರಿವಿನ ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ, ಹಂಪಿಯ ನಡುಭಾಗವನ್ನು ಬಿಟ್ಟು. ಇಂಥದೊಂದು ಜಾಗವನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿ, ತಳವಾರಘಟ್ಟದ ಜೊತೆಗಿಟ್ಟು ಎರಡೂ ದಡದ ಊರುಗಳಲ್ಲಿ ಕೇಳಬಹುದಿತ್ತು. ಕೇಳದೆ ಹೋದದ್ದರಿಂದ, ಸೇತುವೆ ಬೇಕೆಂದವರು ಪರಂಪರೆಯ ವಿರೋಧಿಗಳಂತೆಯೂ, ಹೆಬ್ಬಾಗಿಲು ಉಳಿಯಲಿ ಎಂದವರು ಊರಿನ ವಿರೋಧಿಗಳಂತೆಯೂ ಕಾಣಿಸಿಕೊಂಡರು. ಆ ಕಹಿ ಇನ್ನೂ ಹೋಗಿಲ್ಲ.

ಮುಂದಿನದು ಬಹುಪಾಲು ದಿಲ್ಲಿಯ ಕಥೆ. 2006ರಿಂದ ಕೇಂದ್ರ ಪುರಾತತ್ವ ಇಲಾಖೆಯ ಸಮಿತಿಯೊಂದು ನಿಷೇಧಿತ ವಲಯದಲ್ಲೂ ನಿರ್ಮಾಣಕ್ಕೆ ಅನುಮತಿ ಕೊಡುತ್ತಿತ್ತು. ಅದು ಕಾನೂನಿನಲ್ಲಿ ನಿಲ್ಲದು ಎಂದು ದಿಲ್ಲಿ ಹೈಕೋರ್ಟ್ ಹೇಳಿದ ಮೇಲೆ 2010ರ ತಿದ್ದುಪಡಿ ಬಂದು, 100 ಮೀಟರಿನೊಳಗೆ ಸಾರ್ವಜನಿಕ ಯೋಜನೆಗೂ ಹೊಸ ನಿರ್ಮಾಣ ಇಲ್ಲವೆಂದಾಯಿತು. ಇದನ್ನು ಸಡಿಲಿಸುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಕಾಯ್ದೆಯಾಗಲಿಲ್ಲ. ಆದರೆ 2010ರ ಕಾಯ್ದೆಯ ಒಂದು ವ್ಯಾಖ್ಯೆಯನ್ನು ನಮ್ಮ ಕಡೆಯವರು ಚೆನ್ನಾಗಿ ಓದಿಕೊಳ್ಳಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕಾಮಗಾರಿ, ವಿದ್ಯುತ್ ಪೂರೈಕೆ ಇವು 'ನಿರ್ಮಾಣ' ಎಂಬ ಪದದ ಹೊರಗಿವೆ. ಹಳೆಯ ಊರುಗಳಲ್ಲಿ ಹೂತ ತಳಪಾಯಕ್ಕೆ ಏಟು ಬೀಳುವುದು ಹೆಚ್ಚಾಗಿ ಇಲ್ಲೇ: ಪೈಪಿಗೆಂದು ಜೆಸಿಬಿ ಮೂರಡಿ ಕಾಲುವೆ ತೋಡುತ್ತದೆ, ಕಲ್ಲು ಮೇಲೆ ಬರುತ್ತದೆ, ಸಂಜೆಗೆ ಮಣ್ಣು ಮುಚ್ಚುತ್ತದೆ.

ಜನರ ಮಾತಿಗೆ ಆ ಕಾಯ್ದೆಯಲ್ಲಿರುವ ಜಾಗ ಕಿರಿದು. ಅನುಮತಿ ಅರ್ಜಿ ಸಕ್ಷಮ ಪ್ರಾಧಿಕಾರಿಯಿಂದ (ಅರ್ಜಿ ಸ್ವೀಕರಿಸಿ ಆದೇಶ ಕೊಡುವ ಅಧಿಕಾರಿ) 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಎರಡು ತಿಂಗಳಲ್ಲಿ ಶಿಫಾರಸು, ಆಮೇಲೆ ಒಂದು ತಿಂಗಳಲ್ಲಿ ಆದೇಶ. ಈ ಹಾದಿಯಲ್ಲಿ ಊರವರಿಗೆ ನೋಟಿಸ್ ಇಲ್ಲ. ಪ್ರತಿ ಸ್ಮಾರಕದ ಸುತ್ತಲಿನ ನಿರ್ಮಾಣಕ್ಕೆ ರೂಪಿಸುವ ನಿಯಮಾವಳಿ, ಅಂದರೆ ಪರಂಪರೆ ಬೈಲಾದ ಕರಡಿಗೆ ಮಾತ್ರ 30 ದಿನ ಸಲಹೆ, ಆಕ್ಷೇಪಣೆ ಸ್ವೀಕರಿಸುತ್ತಾರೆ. ಮಾಸ್ಟರ್ ಪ್ಲಾನ್ ಕರಡಿಗೆ 60 ದಿನ. ಭೂಸ್ವಾಧೀನವಾದರೆ ಸಾಮಾಜಿಕ ಪರಿಣಾಮದ ಅಧ್ಯಯನ ಮತ್ತು ಸಾರ್ವಜನಿಕ ವಿಚಾರಣೆ ಇದೆ, ಆದರೆ 2019ರ ರಾಜ್ಯ ತಿದ್ದುಪಡಿ ಹಲವು ಬಗೆಯ ಮೂಲಸೌಕರ್ಯ ಕಾಮಗಾರಿಗಳಿಗೆ ವಿನಾಯಿತಿ ಕೊಡಲು ದಾರಿ ಮಾಡಿದೆ. 2006ರ ಪರಿಸರ ಅಧಿಸೂಚನೆಯ ಬಹಿರಂಗ ವಿಚಾರಣೆ ದೊಡ್ಡ ಕಾರ್ಖಾನೆ, ಗಣಿಗಳಿಗೆ. ಊರ ಸೇತುವೆಗೆ ಅಲ್ಲ.

ಹಾಗಾಗಿ ಆಕ್ಷೇಪಣೆ ಬರೆಯುವವರು ದಿನ ಎಣಿಸಿ ಬರೆಯಬೇಕು. ಅಂದಾಜು ಪಟ್ಟಿ, ಡಿಪಿಆರ್ (ವಿವರವಾದ ಯೋಜನಾ ವರದಿ) ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಅಷ್ಟರಲ್ಲಿ ಆಕ್ಷೇಪಣೆಯ 30 ದಿನವೂ ಮುಗಿದಿರುತ್ತದೆ. ಎರಡನ್ನೂ ಒಂದೇ ದಿನ ಕೊಡಿ, ಉತ್ತರ ಬಂದ ಮೇಲೆ ಪೂರಕ ಪತ್ರ ಸೇರಿಸಿ. ಸ್ಮಾರಕದ ಅಧಿಕೃತ ಹೆಸರು, ಸರ್ವೆ ನಂಬರ್, ಕಾಮಗಾರಿಗೂ ಸ್ಮಾರಕಕ್ಕೂ ಇರುವ ದೂರ ಈ ಮೂರು ಇಲ್ಲದ ಅರ್ಜಿ ಕಡತದಲ್ಲಿ ಕೂರುತ್ತದೆ. ದೂರವನ್ನು ಗುಡಿಯ ಗೋಡೆಯಿಂದ ಅಳೆಯುವುದು ಸಾಮಾನ್ಯ ತಪ್ಪು. ರಕ್ಷಿತ ಜಾಗದ ಹೊರ ಅಂಚಿನಿಂದ, ರಸ್ತೆಯ ತಿರುವು ಹಿಡಿಯದೆ ನೇರ ಗೆರೆಯಲ್ಲಿ ಅಳೆಯಬೇಕು. ಗುಡಿಯಿಂದ 130 ಮೀಟರ್ ಇರುವ ಗುಂಡಿ ಅಂಚಿನಿಂದ 80 ಮೀಟರ್ ಆಗಬಹುದು, ಆಗ ಅನುಮತಿಯ ಪ್ರಶ್ನೆಯೇ ಬದಲಾಗುತ್ತದೆ. ಬೇಡ ಎಂದಷ್ಟೇ ಬರೆಯದೆ ಬದಲಿ ಜಾಗ ತೋರಿಸಿ. ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಯಾವ ಪಟ್ಟಿಯಲ್ಲೂ ಇಲ್ಲದ ವೀರಗಲ್ಲು, ಬಾವಿ, ಮಂಟಪಗಳಿಗೆ ಗ್ರಾಮಸಭೆಯ ನಡಾವಳಿಯೇ ಕೈಗೆ ಸಿಗುವ ಮೊದಲ ದಾಖಲೆ. ಅದರಲ್ಲಿ ಫೋಟೊ, ಅಳತೆ ಸೇರಿಸಿ ಬರೆಸಿಡಬೇಕು.

2021ರಿಂದ ಹಂಪಿ ವಿಜಯನಗರ ಜಿಲ್ಲೆಯದು, ಆನೆಗೊಂದಿ ಕೊಪ್ಪಳದ್ದು. ಒಂದು ದಡದಲ್ಲಿ ಹಚ್ಚಿದ ನೋಟಿಸ್ ಇನ್ನೊಂದು ದಡಕ್ಕೆ ಕಾಣುವುದಿಲ್ಲ. 2022ರ ರಾಜ್ಯ ಬಜೆಟ್ ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಿದ ಮೇಲೆ ಭಕ್ತರಿಗೆ ತಂಗುದಾಣ, ವಾಹನ ನಿಲುಗಡೆ, ರೋಪ್‌ವೇ ಎಲ್ಲವೂ ಮಾತಿಗೆ ಬಂದಿವೆ. ಬೆಟ್ಟ ಹತ್ತುವವರಿಗೆ ಇವುಗಳ ಅಗತ್ಯ ಇದೆ. ಯಾವುದು ಎಲ್ಲಿ ಎಂಬ ನಕ್ಷೆ ಟೆಂಡರಿಗೆ ಮೊದಲು, ಕನ್ನಡದಲ್ಲಿ, ಎರಡೂ ದಡದ ಪಂಚಾಯಿತಿಗಳ ಗೋಡೆಗೆ ಬರಬೇಕು.