ಪಾಚಿಗೊಂದು ಕಾಲ, ಥ್ಯಾಚ್‌ಗೊಂದು ಕಾಲ

ಲಾನ್ ನೋಡಿಕೊಳ್ಳುವ ಪಾಠದಲ್ಲಿ ಪಾಚಿ, ಥ್ಯಾಚ್ (ಹುಲ್ಲಿನ ಬುಡದಲ್ಲಿ ಕೂರುವ ಸತ್ತ ಪದರ) ಎರಡೂ ಒಂದೇ ಅಧ್ಯಾಯದಲ್ಲಿ ಬರುತ್ತವೆ. ನಾನು ಎಡವಿದ್ದು ಅಲ್ಲೇ. ಎರಡೂ ಒಟ್ಟಿಗೆ ಮುಗಿಸುವ ಕೆಲಸ ಅಂದುಕೊಂಡು, ಹೋದ ವರ್ಷ ಮಡಿಕೇರಿಯ ನಮ್ಮ ಮನೆ ಹಿಂದಿನ ಲಾನನ್ನು ಅಕ್ಟೋಬರ್‌ನಲ್ಲಿ ಪೂರ್ತಿ ಕೆರೆದುಬಿಟ್ಟೆ. ಮಾರ್ಚ್ ತನಕ ಅಲ್ಲಲ್ಲಿ ಬೋಳು ಮಣ್ಣೇ ಕಾಣುತ್ತಿತ್ತು.

ಥ್ಯಾಚ್ ಅಂದರೆ ಹಸಿರು ಎಲೆಗೂ ಮಣ್ಣಿಗೂ ನಡುವೆ ಒತ್ತಾಗಿ ಕೂತ ಕಂದು ಪದರ. ಮೆಷಿನ್ ಹಾಕಿದಾಗ ಬೀಳುವ ಹುಲ್ಲಿನ ಚೂರಿನಿಂದಲೇ ಅದು ಬೆಳೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಹಾಗಲ್ಲ. ಆ ಚೂರಿನಲ್ಲಿ ಹೆಚ್ಚಿನ ಪಾಲು ನೀರೇ, ಬೇಗ ಕೊಳೆತು ಹೋಗುತ್ತದೆ. ಪದರ ಕಟ್ಟುವುದು ಕಾಂಡ, ಬೇರುಗಳು. ಅವುಗಳಲ್ಲಿ ಲಿಗ್ನಿನ್ ಅನ್ನೋ ಗಟ್ಟಿ ಅಂಶ ಜಾಸ್ತಿ, ಅವು ಕೊಳೆಯೋದು ನಿಧಾನ. ಯೂರಿಯಾ ಜಾಸ್ತಿ ಹಾಕಿದರೆ ಹುಲ್ಲು ಕೊಳೆಯುವುದಕ್ಕಿಂತ ಬೇಗ ಬೆಳೆಯುತ್ತದೆ. ನಮ್ಮ ಕಡೆಯ ಹುಳಿ ಮಣ್ಣಿನಲ್ಲಿ ಕೊಳೆಸುವ ಜೀವಾಣುಗಳೂ ಮಂದ.

ಕೆರೆಯುವ ಮೊದಲು ಅಳೆಯಿರಿ. ಚಾಕುವಿನಲ್ಲಿ ನಾಲ್ಕು ಬೆರಳಿನಷ್ಟು ಆಳದ ತುಂಡೊಂದನ್ನು ಕೊಯ್ದು ಪಕ್ಕದಿಂದ ನೋಡಿ. ಪದರ 12 ಮಿ.ಮೀ. ಒಳಗಿದ್ದರೆ ಮುಟ್ಟಬೇಡಿ, ಅಷ್ಟು ಇದ್ದರೆ ಮಣ್ಣಿನ ತೇವ ಉಳಿಯುತ್ತದೆ. ನಮ್ಮದು 20 ಮಿ.ಮೀ. ಇತ್ತು, ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ. ಬಿಳಿ ಬೇರುಗಳು ಮಣ್ಣಿಗೆ ಇಳಿಯದೆ ಆ ಪದರದಲ್ಲೇ ಸುತ್ತಿಕೊಂಡಿದ್ದವು. ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಯಾಕೆ ಒಣಗುತ್ತದೆ ಅನ್ನೋದು ಆಗ ತಿಳಿಯಿತು.

ಈಗ ನನಗೆ ಅರ್ಥವಾಗಲು ಜಾಸ್ತಿ ದಿನ ಹಿಡಿದ ಮಾತು. ನಾನು ಓದಿದ ಟಿಪ್ಪಣಿಗಳೆಲ್ಲ ಇಂಗ್ಲೆಂಡಿನ ಲಾನಿನವು, ಸೆಪ್ಟೆಂಬರ್‌ನಲ್ಲಿ ಕೆರೆಯಿರಿ ಅನ್ನುತ್ತವೆ. ಅಲ್ಲಿಯ ರೈ, ಫೆಸ್ಕ್ಯೂ ಹುಲ್ಲು ತಂಪಿನಲ್ಲಿ ಚಿಗುರುವ ಜಾತಿ. ನಮ್ಮದು ಬರ್ಮುಡಾ, ಅಂದರೆ ಗಣಪತಿಗೆ ಏರಿಸುವ ಅದೇ ಗರಿಕೆ. ಅದಕ್ಕೆ ಬಿಸಿ ಬೇಕು. ಚಳಿಗೆ ಮುಂಚೆ ಕೆರೆದರೆ ಗಾಯ ತುಂಬಿಕೊಳ್ಳಲು ಅದರಲ್ಲಿ ಕಸುವೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಕೆರೆದರೆ ಮಣ್ಣಿನೊಳಗೆ ಹರಡಿದ ಕಾಂಡದಿಂದ ಮತ್ತೆ ಮೇಲೆ ಬರುತ್ತದೆ. ಈ ಸಲ ಹಾಗೇ ಮಾಡಿದೆ: ರೇಕಿನಿಂದ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆದು, ಫೋರ್ಕಿನಿಂದ ಚುಚ್ಚಿ, ಮೇಲೆ ಮರಳು ಬೆರೆಸಿದ ಎರೆಗೊಬ್ಬರ ಉದುರಿಸಿದೆ. ಐದನೇ ವಾರಕ್ಕೆ ಬೋಳು ಜಾಗ ಮುಚ್ಚಿತ್ತು. ಸೇಂಟ್ ಅಗಸ್ಟೀನ್ ಹುಲ್ಲಿದ್ದರೆ ಇಷ್ಟು ಜೋರಾಗಿ ಎಳೆಯಬೇಡಿ, ಅದಕ್ಕೆ ಮಣ್ಣಿನೊಳಗೆ ಕಾಂಡವಿಲ್ಲ.

ಪಾಚಿ ಮಳೆಗಾಲದ ವಿಷಯ. ಅದಕ್ಕೆ ನಿಜವಾದ ಬೇರಿಲ್ಲ, ಹುಲ್ಲನ್ನು ಕೊಲ್ಲುವುದೂ ಇಲ್ಲ, ಖಾಲಿ ಜಾಗಕ್ಕೆ ಬಂದು ಕೂರುತ್ತದೆ ಅಷ್ಟೇ. ನೆರಳು, ನಿಂತ ನೀರು, ತುಳಿದು ಗಟ್ಟಿಯಾದ ಮಣ್ಣು, ತೀರಾ ಗಿಡ್ಡ ಕಟಿಂಗ್ ಇವೇ ಕಾರಣ. ಅದು ಹಸಿಯಾಗಿರುವಾಗ, ಮಳೆ ಬಿಡುವು ಕೊಟ್ಟ ದಿನ, ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಕರಗಿಸಿ ಸಿಂಪಡಿಸಿ. ಕಪ್ಪಾಗಲಿ. ಸುಮಾರು ಎರಡು ವಾರ ಬಿಟ್ಟು ಮೇಲಿಂದ ಮೆಲ್ಲಗೆ ಗೀಚಿ ತೆಗೆಯಿರಿ, ಜೀವಂತ ಇರುವಾಗಲೇ ಗೀಚಿದರೆ ಚೂರುಗಳು ಹರಡಿ ಮತ್ತೆ ಹುಟ್ಟುತ್ತವೆ. ಅನ್ನಭೇದಿ ನೀರು ಕಲ್ಲುಚಪ್ಪಡಿಗೆ ಬಿದ್ದರೆ ಕೂಡಲೇ ತೊಳೆಯಿರಿ, ತುಕ್ಕಿನ ಕಲೆ ಹೋಗುವುದಿಲ್ಲ. ಈ ಜೂನ್‌ನಲ್ಲಿ ನಮ್ಮಲ್ಲಿ ಪಾಚಿ ಬಂದಿದ್ದು ಹಲಸಿನ ಮರದ ನೆರಳಲ್ಲಿ ಮಾತ್ರ, ಅಲ್ಲಿ ಇನ್ನು ಕೊಂಬೆ ಸವರಬೇಕು.